ಹೊಲದಡಿ ಗ್ಯಾಸ್ ಪೈಪ್‌ಲೈನ್ ಬರುವಾಗ: ಬೆಂಗಳೂರು ಸುತ್ತಮುತ್ತಲಿನ ಜಮೀನುದಾರರು ಮಾಡಬೇಕಾದ್ದು

ಬೆಂಗಳೂರಿಗೆ ಇಂಧನ ಬರುವುದು ಟ್ಯಾಂಕರ್ ಲಾರಿಯಲ್ಲಿ ಮಾತ್ರ ಅಲ್ಲ. ಮಹಾರಾಷ್ಟ್ರದ ದಾಭೋಲ್‌ನಿಂದ ಹೊರಡುವ ಗೇಲ್ ಕಂಪನಿಯ ಅನಿಲ ಕೊಳವೆ ಮಾರ್ಗ 2013ರಲ್ಲಿ ನಗರಕ್ಕೆ ಮುಟ್ಟಿತು. ಮಂಗಳೂರಿನ ಪೆಟ್ರೋಲು, ಡೀಸೆಲ್ ಹಾಸನದ ಮೇಲೆ ಹಾದು ಹೊಸಕೋಟೆ ತಾಲ್ಲೂಕಿನ ದೇವನಗೊಂದಿ ಡಿಪೋಗೆ ಕೊಳವೆಯಲ್ಲೇ ಬರುತ್ತದೆ. ಕೊಚ್ಚಿಯಿಂದ ಮಂಗಳೂರಿಗೆ ಹೋಗುವ 450 ಕಿ.ಮೀ. ಅನಿಲ ಮಾರ್ಗ 2021ರ ಜನವರಿಯಲ್ಲಿ ಶುರುವಾಯಿತು. ಆ ಯೋಜನೆಯ ಇನ್ನೊಂದು ಕವಲನ್ನು ಬೆಂಗಳೂರಿನ ಕಡೆಗೇ ರೂಪಿಸಲಾಗಿದೆ. ನಗರದೊಳಗೆ ಸಿಎನ್‌ಜಿ ಬಂಕುಗಳೂ ಮನೆಮನೆಗೆ ಪೈಪ್ ಗ್ಯಾಸ್ ಸಂಪರ್ಕಗಳೂ ಹೆಚ್ಚಿದಷ್ಟೂ ಹೊರವಲಯದ ಹೊಲಗಳಲ್ಲಿ ಸರ್ವೆಯವರ ಓಡಾಟ ಹೆಚ್ಚುತ್ತದೆ.

ಈ ಕೊಳವೆಗಳಿಗೆ ಜಾಗ ತೆಗೆದುಕೊಳ್ಳುವುದು ಭೂಸ್ವಾಧೀನ ಕಾಯ್ದೆಯಡಿ ಅಲ್ಲ. 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗಗಳ ಕಾಯ್ದೆಯಡಿ. ಇದರಲ್ಲಿ ಜಮೀನು ನಿಮ್ಮ ಕೈ ತಪ್ಪುವುದಿಲ್ಲ, ಪಹಣಿಯಲ್ಲಿ ನಿಮ್ಮ ಹೆಸರೇ ಇರುತ್ತದೆ. ಸರ್ಕಾರ ತೆಗೆದುಕೊಳ್ಳುವುದು ಒಂದು ಪಟ್ಟಿಯಷ್ಟು ಅಗಲದ ನೆಲದ ಬಳಕೆ ಹಕ್ಕನ್ನು. ಆರ್‌ಒಯು ಎಂದು ಎಲ್ಲರೂ ಕರೆಯುವುದು ಇದನ್ನೇ. ಪಟ್ಟಿಯ ಅಗಲ ಮಾರ್ಗದಿಂದ ಮಾರ್ಗಕ್ಕೆ ಬೇರೆ: ಕೆಲವೆಡೆ 18 ಮೀಟರ್, ಕೆಲವೆಡೆ 20, ದೊಡ್ಡ ಮಾರ್ಗಗಳಿಗೆ 30.

ಹೈಟೆನ್ಷನ್ ವಿದ್ಯುತ್ ಲೈನಿನ ಲೆಕ್ಕವನ್ನು ಇಲ್ಲಿಗೆ ತರಬೇಡಿ. ಟವರ್ ಜಾಗಕ್ಕೆ ಜಮೀನಿನ ಬೆಲೆಯ ಎರಡು ಪಟ್ಟು, ತಂತಿ ಹಾಯುವ ಜಾಗಕ್ಕೆ ಶೇ 30 ಎಂದು ಹೇಳುವುದು 2024ರ ಜೂನ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ. ಕೊಳವೆ ಮಾರ್ಗಕ್ಕೆ ಅದು ಅನ್ವಯಿಸುವುದಿಲ್ಲ. ಅದನ್ನು ಬರೆದು ಕೊಟ್ಟ ಅರ್ಜಿ ಮೊದಲ ವಿಚಾರಣೆಯಲ್ಲೇ ಬಿದ್ದುಹೋಗುತ್ತದೆ.

ಎಲ್ಲವೂ ನಿಂತಿರುವುದು ಒಂದು ದಿನಾಂಕದ ಮೇಲೆ

ಕಾಯ್ದೆಯ 3(1)ನೇ ಕಲಮಿನಡಿ ಕೇಂದ್ರ ಸರ್ಕಾರ ಭಾರತದ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸುತ್ತದೆ. ಆ ಗೆಜೆಟ್‌ನ ದಿನಾಂಕವನ್ನು ಪಾಸ್‌ಬುಕ್ಕಿನ ಹಿಂದೆಯಾದರೂ ಬರೆದಿಟ್ಟುಕೊಳ್ಳಿ. ಆಕ್ಷೇಪಣೆಗೆ 21 ದಿನ ಎಣಿಸುವಾಗ, ಜಮೀನಿನ ಮಾರುಕಟ್ಟೆ ಬೆಲೆ ಕಟ್ಟುವಾಗ, ಅಲ್ಲಿ ಮನೆ ಇತ್ತೇ ಇರಲಿಲ್ಲವೇ ಎಂದು ನೋಡುವಾಗ, ಮುಂದೆ ನೆಲವನ್ನು ಯಾವುದಕ್ಕೆ ಬಳಸಬಹುದು ಎಂದು ತೀರ್ಮಾನಿಸುವಾಗ ಎಲ್ಲದಕ್ಕೂ ಇದೇ ಆಧಾರ. ಅಧಿಸೂಚನೆ ಬಂದ ಮೇಲೆ ಅವಸರವಸರವಾಗಿ ಶೆಡ್ ಹಾಕಿಸಿದರೆ ಅದಕ್ಕೆ ಪರಿಹಾರ ಸಿಗುವುದಿಲ್ಲ, ಅದು ಕಾಯಂ ಕಟ್ಟಡವೆಂದೂ ಗಣನೆಗೆ ಬರುವುದಿಲ್ಲ. ಖರ್ಚು ಮಾತ್ರ ನಿಮ್ಮ ತಲೆಗೆ.

ಅಧಿಸೂಚನೆಯ ಕೊನೆಯಲ್ಲಿ ಪಟ್ಟಿ ಇರುತ್ತದೆ: ಜಿಲ್ಲೆ, ತಾಲ್ಲೂಕು, ಗ್ರಾಮ, ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ. ವಿಸ್ತೀರ್ಣ ಎಕರೆ ಗುಂಟೆಯಲ್ಲಿ ಇರುವುದಿಲ್ಲ. ಹೆಕ್ಟೇರ್, ಆರ್, ಚದರ ಮೀಟರ್ ಎಂದು ಮೂರು ಅಂಕಣ. 00-18-00 ಎಂದಿದ್ದರೆ 18 ಆರ್, ಅಂದರೆ 1,800 ಚ.ಮೀ. ಒಂದು ಗುಂಟೆಗೆ 101.17 ಚ.ಮೀ., ಹಾಗಾಗಿ ಅದು ಸುಮಾರು 17.8 ಗುಂಟೆ. ಈ ಲೆಕ್ಕ ಮಾಡದೆ 18 ಗುಂಟೆ, 18 ಸೆಂಟ್ ಎಂದೆಲ್ಲ ಅಂದುಕೊಂಡು ಒಪ್ಪಿಗೆ ಹಾಕಿದವರಿದ್ದಾರೆ.

ಗೆಜೆಟ್ ನಿಮ್ಮ ಮನೆ ಬಾಗಿಲಿಗೆ ಬರುವುದಿಲ್ಲ. ಅದರ ಸಾರಾಂಶವನ್ನು ಸ್ಥಳೀಯವಾಗಿ ಪ್ರಕಟಿಸಬೇಕು ಎಂದು ಕಾಯ್ದೆ ಹೇಳುತ್ತದೆ ನಿಜ, ಆದರೆ ಕಚೇರಿ ಗೋಡೆಗೆ ಅಂಟಿಸಿದ ಹಾಳೆ ಎಷ್ಟು ಜನರ ಕಣ್ಣಿಗೆ ಬೀಳುತ್ತದೆ? ಸರ್ವೆಯವರು ಹೊಲಕ್ಕೆ ಕಾಲಿಟ್ಟ ದಿನದಿಂದ ಕೇಂದ್ರದ ಇ-ಗೆಜೆಟ್ ಜಾಲತಾಣದಲ್ಲಿ ಪೆಟ್ರೋಲಿಯಂ ಸಚಿವಾಲಯದ ಅಧಿಸೂಚನೆಗಳನ್ನು ವಾರಕ್ಕೊಮ್ಮೆ ನೋಡುತ್ತಿರಿ. 21 ದಿನವನ್ನು ಗೆಜೆಟ್ ಪ್ರತಿ ಸಾರ್ವಜನಿಕರಿಗೆ ಲಭ್ಯವಾದ ದಿನದಿಂದ ಎಣಿಸಬಹುದು ಎಂದು ಅಧಿಸೂಚನೆಯಲ್ಲೇ ಬರೆದಿರುವುದುಂಟು. ಅದನ್ನು ನಂಬಿಕೊಂಡು ಕೂರುವುದಕ್ಕಿಂತ ಗೆಜೆಟ್ ದಿನಾಂಕದಿಂದಲೇ ಎಣಿಸಿ ಮುಗಿಸುವುದು ಕ್ಷೇಮ.

21 ದಿನದಲ್ಲಿ ಕೇಳಬೇಕಾದ್ದು ದುಡ್ಡಲ್ಲ, ದಾರಿ

ಹೆಚ್ಚಿನವರ ಆಕ್ಷೇಪಣೆ "ಪರಿಹಾರ ಸಾಲದು" ಎಂದಿರುತ್ತದೆ. ಪರಿಹಾರಕ್ಕೆ ಬೇರೆ ಹಂತ, ಬೇರೆ ಕಲಮು ಇದೆ. 5ನೇ ಕಲಮಿನ ಆಕ್ಷೇಪಣೆ ಇರುವುದು ಕೊಳವೆ ಎಲ್ಲಿ ಹಾಯಬೇಕು ಎಂಬುದಕ್ಕೆ. ನಮ್ಮ ಅಭಿಪ್ರಾಯದಲ್ಲಿ ಇಡೀ ಪ್ರಕ್ರಿಯೆಯಲ್ಲಿ ಜಮೀನುದಾರನಿಗೆ ಅತಿ ಹೆಚ್ಚು ಬೆಲೆಬಾಳುವ ಮೂರು ವಾರ ಇವೇ. ಯಾಕೆಂದು ಲೆಕ್ಕ ಹಾಕಿ ನೋಡಿ.

ಎರಡು ಎಕರೆ ಚೌಕದ ಹೊಲ ಎಂದಿಟ್ಟುಕೊಳ್ಳಿ, ಒಂದೊಂದು ಬದಿ ಸುಮಾರು 90 ಮೀಟರ್. 20 ಮೀಟರ್ ಅಗಲದ ಪಟ್ಟಿ ಬದುವಿಗೆ ಹೊಂದಿಕೊಂಡು ಹೋದರೆ 1,800 ಚ.ಮೀ. ಹೋಗುತ್ತದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಹೋದರೆ ಸುಮಾರು 2,345 ಚ.ಮೀ., ಅಂದರೆ 23 ಗುಂಟೆ ಚಿಲ್ಲರೆ. ಕಾಯ್ದೆಯ 10(4)ರಂತೆ ಬಳಕೆ ಹಕ್ಕಿಗೆ ಕೊಡುವುದು ಆ ಪಟ್ಟಿಯ ಮಾರುಕಟ್ಟೆ ಬೆಲೆಯ ಶೇ 10 ಮಾತ್ರ. ಎಕರೆಗೆ ಒಂದು ಕೋಟಿ ರೂಪಾಯಿ ಎಂದು ಹಿಡಿದರೆ ಗುಂಟೆಗೆ ಎರಡೂವರೆ ಲಕ್ಷ. ಬದುವಿನ ಪಕ್ಕದ ಪಟ್ಟಿಗೆ ಸುಮಾರು 4.45 ಲಕ್ಷ ರೂ., ಓರೆ ಪಟ್ಟಿಗೆ ಸುಮಾರು 5.8 ಲಕ್ಷ. ಒಂದು ಲಕ್ಷ ಚಿಲ್ಲರೆ ಹೆಚ್ಚು ಸಿಕ್ಕಿತು ನಿಜ. ಆದರೆ ಹೊಲ ಎರಡು ತ್ರಿಕೋನವಾಗಿ ಒಡೆದುಹೋಯಿತು. ನಡುವೆ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಉಳಿದ ತುಂಡುಗಳ ಬೆಲೆ ಕುಸಿದದ್ದಕ್ಕೆ ಆ ಶೇ 10ರ ಲೆಕ್ಕದಲ್ಲಿ ಜಾಗವೇ ಇಲ್ಲ. ಆದ್ದರಿಂದ ಮೊದಲು ಓರೆಯನ್ನು ಬದುವಿಗೆ ತಳ್ಳಿಸಿ, ದರದ ಜಗಳ ಆಮೇಲೆ.

"ನಮ್ಮೂರಿಗೆ ಪೈಪ್‌ಲೈನೇ ಬೇಡ" ಎಂದು ಬರೆದರೆ ನಿಲ್ಲುವುದಿಲ್ಲ. ಕೊಳವೆಯನ್ನು ಹೊಲ ಬಿಟ್ಟು ಹೆದ್ದಾರಿ ಪಕ್ಕಕ್ಕೆ ಹಾಕಬೇಕೆಂದು ತಮಿಳುನಾಡು ಸರ್ಕಾರವೇ ಪಟ್ಟು ಹಿಡಿದಿತ್ತು. 2016ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಗೇಲ್ ಪರವಾಗಿ ತೀರ್ಪು ಕೊಟ್ಟಿತು. ನಿಲ್ಲುವುದು ನಿರ್ದಿಷ್ಟ ಆಕ್ಷೇಪಣೆ. ಹೀಗೆ ಬರೆಯಿರಿ:

"ಅಧಿಸೂಚನೆಯಲ್ಲಿ ತೋರಿಸಿದ ಮಾರ್ಗವು ನನ್ನ ಸರ್ವೆ ನಂಬರಿನ ವಾಯವ್ಯ ಮೂಲೆಯಿಂದ ಆಗ್ನೇಯ ಮೂಲೆಗೆ ಓರೆಯಾಗಿ ಹಾದುಹೋಗುತ್ತದೆ. ಸದರಿ ಜಾಗದಲ್ಲಿ ಅಧಿಸೂಚನೆಗೂ ಮೊದಲಿನಿಂದ ವಾಸದ ಮನೆ ಹಾಗೂ ಅದಕ್ಕೆ ಸೇರಿದ ಹಿತ್ತಲು ಇದ್ದು, ಕಾಯ್ದೆಯ 7ನೇ ಕಲಮಿನಂತೆ ಅಲ್ಲಿ ಕೊಳವೆ ಹಾಕಲು ಬರುವುದಿಲ್ಲ. ಮಾರ್ಗವನ್ನು ಪೂರ್ವದ ಬದುವಿಗೆ ಹೊಂದಿಕೊಂಡಂತೆ ಸರಿಸಿದರೆ ಎರಡೂ ತುದಿಯಲ್ಲಿ ಪಕ್ಕದ ಸರ್ವೆ ನಂಬರುಗಳ ಮಾರ್ಗಕ್ಕೆ ಸೇರುತ್ತದೆ. ನಕ್ಷೆ ಲಗತ್ತಿಸಿದೆ. ಖುದ್ದು ವಿಚಾರಣೆಗೆ ಅವಕಾಶ ಕೊಡಬೇಕು."

7ನೇ ಕಲಮು ಕಾಪಾಡುವುದು ನಾಲ್ಕನ್ನು: ಅಧಿಸೂಚನೆಗೆ ಮೊದಲು ವಾಸಕ್ಕೆ ಬಳಸುತ್ತಿದ್ದ ಜಾಗ, ಆಗಲೇ ಇದ್ದ ಕಾಯಂ ಕಟ್ಟಡ ನಿಂತ ಜಾಗ, ಮನೆಗೆ ಸೇರಿದ ಹಿತ್ತಲು-ಅಂಗಳ, ಮತ್ತು ಕೊಳವೆ ನೆಲಮಟ್ಟದಿಂದ ಕನಿಷ್ಠ ಒಂದು ಮೀಟರ್ ಆಳದಲ್ಲಿರಬೇಕೆಂಬ ನಿಯಮ. ಗಮನಿಸಿ, ಕಾಯ್ದೆ ಹೇಳುವುದು ವಾಸಕ್ಕೆ "ಬಳಸುತ್ತಿದ್ದ" ಜಾಗ ಎಂದು. ಅಲಿನೇಷನ್ (ಕೃಷಿ ಜಮೀನನ್ನು ಕೃಷಿಯೇತರಕ್ಕೆ ಪರಿವರ್ತಿಸುವ) ಆದೇಶ ಕೈಯಲ್ಲಿದ್ದು ನೆಲದಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದರೆ ಕಂಪನಿಯವರು ಅದನ್ನೇ ಎತ್ತಿ ಹಿಡಿಯುತ್ತಾರೆ. ಕರೆಂಟ್ ಬಿಲ್, ಪಂಚಾಯಿತಿ ಕಂದಾಯದ ರಸೀದಿ, ದಿನಾಂಕವಿರುವ ಫೋಟೊ, ಹಳೆಯ ಉಪಗ್ರಹ ಚಿತ್ರ, ಇವೆಲ್ಲ ಆ ದಿನಾಂಕಕ್ಕೆ ಮೊದಲಿನವಾಗಿರಬೇಕು.

ಮಾರ್ಗ ಬದಲಿಸಲು ಕೇಳುವಾಗ ಇನ್ನೊಂದು ಮಾತು. ಉಕ್ಕಿನ ದಪ್ಪ ಕೊಳವೆ ಥಟ್ಟನೆ ತಿರುಗುವುದಿಲ್ಲ, ಅದಕ್ಕೆ ನಿಧಾನವಾದ ತಿರುವು ಬೇಕು. ಒಬ್ಬರೇ ಕೇಳಿದರೆ ಪಕ್ಕದವರ ಹೊಲಕ್ಕೆ ನೂಕಿದಂತಾಗಿ, ಅವರು ಎದುರು ಅರ್ಜಿ ಹಾಕುತ್ತಾರೆ. ನಾಲ್ಕೈದು ಸರ್ವೆ ನಂಬರಿನವರು ಕೂತು, ಗ್ರಾಮ ನಕ್ಷೆಯ ಮೇಲೆ ಒಂದೇ ಗೆರೆ ಎಳೆದು, ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ಹೊಲದ ಮೂಲೆಗಳನ್ನು ತಾಳೆ ನೋಡಿ, ಎಲ್ಲರ ಸಹಿಯೊಂದಿಗೆ ಕೊಟ್ಟ ಪರ್ಯಾಯ ಮಾರ್ಗವನ್ನು ತಾಂತ್ರಿಕ ಸಿಬ್ಬಂದಿ ಕನಿಷ್ಠ ಓದಿಯಾದರೂ ಓದುತ್ತಾರೆ.

ಅರ್ಜಿಯನ್ನು ಸಕ್ಷಮ ಪ್ರಾಧಿಕಾರಿಯ (ಈ ಕಾಯ್ದೆಯಡಿ ಕೇಂದ್ರ ಸರ್ಕಾರ ನೇಮಿಸಿದ ಅಧಿಕಾರಿ) ಕಚೇರಿಯಲ್ಲಿ ಖುದ್ದಾಗಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಮೊಹರು, ಸಹಿ, ತಾರೀಕು ಹಾಕಿಸಿಕೊಳ್ಳಿ. ಅದರ ಜೊತೆಗೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ವಿಚಾರಣೆಗೆ ನೀವೇ ಹೋಗಬಹುದು, ವಕೀಲರನ್ನೂ ಕರೆದೊಯ್ಯಬಹುದು. ಆಕ್ಷೇಪಣೆ ತಳ್ಳಿಹಾಕಿದರೆ ಆದೇಶದ ಪ್ರತಿ ಕೇಳಿ ಪಡೆಯಿರಿ. ಅದರ ಮೇಲೆ ಕಾಯ್ದೆಯಲ್ಲಿ ಮೇಲ್ಮನವಿ ಇಲ್ಲ, ಸಿವಿಲ್ ಕೋರ್ಟಿನ ಬಾಗಿಲೂ ಮುಚ್ಚಿದೆ. ವಿಚಾರಣೆಯನ್ನೇ ನಡೆಸದಿದ್ದರೆ, ಕಾರಣ ಹೇಳದೆ ತಳ್ಳಿದ್ದರೆ ಹೈಕೋರ್ಟಿಗೆ ರಿಟ್ ಹಾಕುವುದೊಂದೇ ದಾರಿ. ಆಗ ಆ ಮೊಹರು ಬಿದ್ದ ಪ್ರತಿಯೇ ನಿಮ್ಮ ಸಾಕ್ಷಿ.

ದಾಖಲೆ ಸರಿ ಇಲ್ಲದಿದ್ದರೆ ದುಡ್ಡು ಅಲ್ಲೇ ಉಳಿಯುತ್ತದೆ

ಪರಿಹಾರ ತಡವಾಗುವುದಕ್ಕೆ ಮುಖ್ಯ ಕಾರಣ ಕಂಪನಿಗಿಂತ ಹೆಚ್ಚಾಗಿ ನಮ್ಮ ಪಹಣಿಗಳೇ. ಕಾಲಂ 9ರಲ್ಲಿ ತೀರಿಹೋದ ತಾತನ ಹೆಸರು, ಉಳುಮೆ ಮಾಡುವವರು ನಾಲ್ಕು ಜನ ಮೊಮ್ಮಕ್ಕಳು. ಪೌತಿ ಖಾತೆಗೆ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಇವತ್ತೇ ಅರ್ಜಿ ಹಾಕಿ, ವಂಶವೃಕ್ಷ ಮಾಡಿಸಿಡಿ. ಪೋಡಿ ಆಗದ, ಅಂದರೆ ಅಳತೆ ಮಾಡಿ ಪಾಲು ಬೇರ್ಪಡಿಸದ ಜಮೀನಾದರೆ ಪಟ್ಟಿ ಯಾರ ಭಾಗದಲ್ಲಿ ಬರುತ್ತದೆ ಎಂಬುದೇ ತಕರಾರಾಗುತ್ತದೆ. ಹಣ ಪ್ರಾಧಿಕಾರಿಯ ಬಳಿ ಠೇವಣಿಯಾಗಿ, ಪಾಲಿನ ಜಗಳ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗುತ್ತದೆ. ಅಣ್ಣತಮ್ಮಂದಿರು ಮೊದಲೇ ಒಪ್ಪಂದದ ಪತ್ರ ಬರೆದುಕೊಂಡರೆ ವರ್ಷಗಟ್ಟಲೆ ಅಲೆದಾಟ ತಪ್ಪುತ್ತದೆ. ಪಹಣಿ, ಮ್ಯುಟೇಷನ್ ಪ್ರತಿ, ಟಿಪ್ಪಣಿ, ಆಕಾರ್‌ಬಂದ್, ಋಣಭಾರ ಪತ್ರ ಮತ್ತು ಬ್ಯಾಂಕ್ ವಿವರ, ಇಷ್ಟು ಒಂದೇ ಫೈಲಿನಲ್ಲಿ ಇರಲಿ. ಗಡಿಕಲ್ಲು ಕಾಣೆಯಾಗಿದ್ದರೆ ಹದ್ದುಬಸ್ತಿಗೆ (ಗಡಿ ಅಳತೆಗೆ) ಅರ್ಜಿ ಹಾಕಿ, ಯಂತ್ರ ಬಂದ ಮೇಲೆ ಬದುವೇ ಇರುವುದಿಲ್ಲ.

ಶೇ 10 ಎಂಬುದು ಕಾಯ್ದೆಯಲ್ಲೇ ಇರುವ ಪ್ರಮಾಣ, ಅದನ್ನು ಬದಲಿಸಲಾಗದು. ಚರ್ಚೆಗೆ ಬರುವುದು ಮಾರುಕಟ್ಟೆ ಬೆಲೆ. ಸಾಮಾನ್ಯವಾಗಿ ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರವನ್ನೇ ಮುಂದಿಡುತ್ತಾರೆ. ಅದಕ್ಕಿಂತ ಹೆಚ್ಚು ಕೇಳಬೇಕಾದರೆ ಅಧಿಸೂಚನೆಯ ದಿನಾಂಕಕ್ಕೆ ಹತ್ತಿರದ, ಅದಕ್ಕಿಂತ ಹಿಂದಿನ, ನಿಮ್ಮ ಹೊಲದಂಥದ್ದೇ ಹೊಲದ ಕ್ರಯಪತ್ರಗಳ ದೃಢೀಕೃತ ನಕಲು ಬೇಕು. ಅಕ್ಕಪಕ್ಕದವರು ಬಾಯಲ್ಲಿ ಹೇಳುವ ರೇಟು ಲೆಕ್ಕಕ್ಕಿಲ್ಲ. ಪತ್ರದಲ್ಲಿ ಕಡಿಮೆ ತೋರಿಸಿ ನೋಂದಾಯಿಸುವ ಅಭ್ಯಾಸ ಹೆಚ್ಚಿರುವ ಊರಿನಲ್ಲಿ ಅದರ ಏಟು ಬೀಳುವುದು ಇಲ್ಲೇ.

ಬೆಳೆ, ಮರ, ಆಸ್ತಿ ಹಾನಿಗೆ ಈ ಶೇ 10 ಅಲ್ಲದೆ ಪ್ರತ್ಯೇಕ ಪರಿಹಾರ ಇದೆ. ಸರ್ವೆಗೆ ಬಂದಾಗ ತುಳಿದ ಬೆಳೆಗೂ ಸಿಗಬೇಕು, ಮುಂದೆ ದುರಸ್ತಿಗೆ ಬಂದು ಅಗೆದಾಗಲೂ ಸಿಗಬೇಕು. ಅದು ನಿಲ್ಲುವುದು ಮಹಜರಿನ ಮೇಲೆ, ಅಂದರೆ ಸ್ಥಳದಲ್ಲೇ ಬರೆದುಕೊಳ್ಳುವ ಹಾನಿಯ ವಿವರದ ಮೇಲೆ. ಮಹಜರಿನಲ್ಲಿ "ಮಾವಿನ ಮರ 6" ಎಂದಷ್ಟೇ ಬರೆಯಲು ಬಿಡಬೇಡಿ. ತಳಿ, ವಯಸ್ಸು, ಬುಡದ ಸುತ್ತಳತೆ, ಫಲ ಕೊಡುತ್ತಿದೆಯೇ ಎಂಬುದೆಲ್ಲ ಬರಲಿ. ಹಿಪ್ಪುನೇರಳೆ ಇದ್ದರೆ ಎಷ್ಟು ಗುಂಟೆ, ವರ್ಷಕ್ಕೆ ಎಷ್ಟು ಬೆಳೆ ಗೂಡು, ಮಾರುಕಟ್ಟೆಯ ಚೀಟಿಗಳ ಸಮೇತ. ಹನಿ ನೀರಾವರಿಯ ಪೈಪು, ಬೋರ್‌ವೆಲ್‌ನಿಂದ ಬರುವ ನೆಲದಡಿಯ ಲೈನು, ದ್ರಾಕ್ಷಿ ಚಪ್ಪರದ ಕಲ್ಲುಕಂಬ, ಬೇಲಿ ಒಂದೊಂದೂ ಎಣಿಕೆಗೆ ಬರಬೇಕು. ಖಾಲಿ ಜಾಗ ಬಿಟ್ಟ ಮಹಜರಿಗೆ ಸಹಿ ಹಾಕಬೇಡಿ. ಒಪ್ಪದ ಅಂಶವಿದ್ದರೆ "ಈ ಲೆಕ್ಕಕ್ಕೆ ನನ್ನ ತಕರಾರಿದೆ" ಎಂದು ಬರೆದು ಸಹಿ ಮಾಡಿ. ತೋಟದ ಮರಗಳ ಬೆಲೆಗೆ ತೋಟಗಾರಿಕೆ ಇಲಾಖೆಯ, ಸಿಲ್ವರ್ ಓಕ್‌ನಂಥ ಮರಕ್ಕೆ ಅರಣ್ಯ ಇಲಾಖೆಯ ಮೌಲ್ಯಮಾಪನ ಕೇಳಿ.

ಪ್ರಾಧಿಕಾರಿ ನಿಗದಿಪಡಿಸಿದ ಮೊತ್ತ ಒಪ್ಪಿಗೆಯಾಗದಿದ್ದರೆ, ಆ ತಿಳಿವಳಿಕೆ ಪತ್ರ ಕೈಸೇರಿದ 90 ದಿನದೊಳಗೆ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಹಾಕಬೇಕು. ಹಣ ಪಡೆಯುವಾಗ ರಸೀದಿಯ ಮೇಲೆ "ಆಕ್ಷೇಪಣೆಗೆ ಒಳಪಟ್ಟು ಪಡೆದಿದ್ದೇನೆ" ಎಂದು ಬರೆಯಿರಿ. "ಪೂರ್ಣ ಮತ್ತು ಅಂತಿಮ" ಎಂದು ಅಚ್ಚಾದ ನಮೂನೆಗೆ ಓದದೆ ಸಹಿ ಹಾಕಿದರೆ ಆಮೇಲೆ ಕೋರ್ಟಿನಲ್ಲಿ ಮೊದಲು ಹೊರಬರುವುದು ಅದೇ ಕಾಗದ.

ಕೆಲಸ ನಡೆಯುವಾಗ

ಮೇಲ್ಮಣ್ಣು ಮೊದಲು ಕೆರೆದು ಒಂದು ಬದಿಗೆ, ಕೆಳಮಣ್ಣು ಇನ್ನೊಂದು ಬದಿಗೆ ಹಾಕಬೇಕು. ಮುಚ್ಚುವಾಗ ಅದೇ ಕ್ರಮ ತಿರುಗಿ ಬರಬೇಕು. ಗುತ್ತಿಗೆದಾರನ ಜೆಸಿಬಿ ಅವಸರಕ್ಕೆ ಎರಡನ್ನೂ ಬೆರೆಸಿಬಿಟ್ಟರೆ ಜಲ್ಲಿ, ಗರಸು ಮೇಲೆ ಬಂದು ಆ ಪಟ್ಟಿಯಲ್ಲಿ ಹಲವು ಬೆಳೆ ಕುಂಠಿತವಾಗುತ್ತದೆ. ಆ ದಿನ ಹೊಲದಲ್ಲಿ ನಿಂತು ವಿಡಿಯೊ ಮಾಡಿ. ಕೊಳವೆ ಇಳಿಸಿದ ಮೇಲೆ, ಮಣ್ಣು ಮುಚ್ಚುವ ಮೊದಲು, ಕೊಳವೆಯ ಮೇಲ್ತುದಿಯಿಂದ ನೆಲಮಟ್ಟಕ್ಕೆ ಟೇಪು ಹಿಡಿದು ಅಳೆದ ಫೋಟೊ ಇರಲಿ, ಒಂದು ಮೀಟರಿಗೆ ಕಡಿಮೆ ಇರಬಾರದು. ಒಂದು ಮಳೆಗಾಲ ಕಳೆದ ಮೇಲೆ ಅಗೆದ ಗೆರೆ ಕುಸಿಯುವುದು ಸಾಮಾನ್ಯ. ಆಗ ನೀರು ಅಲ್ಲೇ ನಿಂತು ಬದು ಒಡೆಯುತ್ತದೆ. ನೆಲ ಮೊದಲಿನಂತಾಗಿದೆ ಎಂಬ ಒಪ್ಪಿಗೆ ಪತ್ರವನ್ನು ಆ ಮಳೆ ಕಂಡ ಮೇಲೆ ಕೊಡಿ.

ಆಮೇಲೆ ಏನು ಮಾಡಬಹುದು, ಏನು ಕೂಡದು

ರಾಗಿ, ಅವರೆ, ಸೊಪ್ಪು, ಹೂವು ಎಂದಿನಂತೆ ಬೆಳೆಯಬಹುದು. ಕಟ್ಟಡ, ಕೆರೆ, ಬಾವಿ, ಕೃಷಿಹೊಂಡ, ಬೋರ್‌ವೆಲ್, ಮರ ಕೂಡದು. ಪಾಲಿಹೌಸ್, ದನದ ಕೊಟ್ಟಿಗೆ, ಕಾಂಪೌಂಡಿನ ಪಾಯವೂ ಕಟ್ಟಡದ ಲೆಕ್ಕಕ್ಕೇ ಬರುತ್ತವೆ. ಕಟ್ಟಿದರೆ ಪ್ರಾಧಿಕಾರಿಯ ಅರ್ಜಿಯ ಮೇಲೆ ಜಿಲ್ಲಾ ನ್ಯಾಯಾಧೀಶರು ಕೆಡವಿಸಬಹುದು. ಇಟ್ಟಿಗೆ ಗೂಡಿಗೆಂದು ಮಣ್ಣು ಕೊಡುವುದು ಇನ್ನೂ ಅಪಾಯ: ಎರಡು ಅಡಿ ಮಣ್ಣು ಹೋದರೆ ಒಂದು ಮೀಟರಿನ ರಕ್ಷಣೆಯಲ್ಲಿ ಉಳಿಯುವುದು ಸುಮಾರು ಒಂದೂಕಾಲು ಅಡಿ. ಆಮೇಲೆ ಟ್ರ್ಯಾಕ್ಟರಿನ ಆಳದ ನೇಗಿಲೇ ಕೊಳವೆಗೆ ತಾಗೀತು.

ಮುಖ್ಯ ಮಾರ್ಗದ ಅನಿಲಕ್ಕೆ ಸಾಮಾನ್ಯವಾಗಿ ವಾಸನೆ ಇರುವುದಿಲ್ಲ. ಮನೆಯ ಗ್ಯಾಸಿನ ವಾಸನೆಯ ರಾಸಾಯನಿಕವನ್ನು ಬೆರೆಸುವುದು ನಗರದ ವಿತರಣೆಗೆ ಇಳಿಸುವಾಗ. ಆದ್ದರಿಂದ ಸೋರಿಕೆಯನ್ನು ಮೂಗಿಗಿಂತ ಕಣ್ಣು, ಕಿವಿಯಿಂದ ಗುರುತಿಸಬೇಕು: ಬುಸುಗುಟ್ಟುವ ಸದ್ದು, ಕಾರಣವಿಲ್ಲದೆ ಏಳುವ ಧೂಳು, ನಿಂತ ನೀರಿನಲ್ಲಿ ಗುಳ್ಳೆ, ಒಂದೇ ಗೆರೆಯಲ್ಲಿ ಒಣಗಿದ ಹುಲ್ಲು. ಪಂಪ್‌ಸೆಟ್ ಸ್ವಿಚ್ ಮುಟ್ಟದೆ, ಬೈಕ್ ಸ್ಟಾರ್ಟ್ ಮಾಡದೆ, ಗಾಳಿಗೆ ಎದುರಾಗಿ ದೂರ ನಡೆದುಹೋಗಿ, ಆಮೇಲೆ ಕೊಳವೆ ಮಾರ್ಗದ ಗುರುತುಕಂಬದ ಮೇಲಿನ ಫೋನ್ ಸಂಖ್ಯೆಗೂ 112ಕ್ಕೂ ಫೋನ್ ಮಾಡಿ. 2014ರ ಜೂನ್‌ನಲ್ಲಿ ಆಂಧ್ರದ ನಗರಂ ಗ್ರಾಮದಲ್ಲಿ ಸೋರಿದ ಅನಿಲಕ್ಕೆ ಬೆಂಕಿ ತಗುಲಿ ಜನ ಪ್ರಾಣ ಕಳೆದುಕೊಂಡರು. ಪಟ್ಟಿಯ ಹತ್ತಿರ ಯಾವುದೇ ಅಗೆತಕ್ಕೂ ಮುನ್ನ ಕಂಪನಿಗೆ ತಿಳಿಸಿ. ರಸ್ತೆ ಅಗೆಯುವ ಗುತ್ತಿಗೆದಾರರಿಗೆ 2023ರಲ್ಲಿ ಬಂದ "ಕಾಲ್ ಬಿಫೋರ್ ಯು ಡಿಗ್" ಆ್ಯಪ್ ಇದೆ.

ಹೊಲದಡಿ ತೈಲವೋ ಅನಿಲವೋ ಸಿಕ್ಕರೆ ಅಮೆರಿಕದ ರೈತರಂತೆ ರಾಯಲ್ಟಿ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆಯ 70ನೇ ಕಲಮಿನಂತೆ, ಮಂಜೂರಾತಿ ಷರತ್ತಿನಲ್ಲೋ ಬೇರೆ ಕಾನೂನಿನಲ್ಲೋ ಬೇರೆ ಮಾತಿಲ್ಲದಿದ್ದರೆ, ಖನಿಜದ ಹಕ್ಕು ರಾಜ್ಯ ಸರ್ಕಾರದ್ದು. ತೈಲಕ್ಷೇತ್ರಗಳ ಗುತ್ತಿಗೆಗೆ 1948ರ ಕಾಯ್ದೆ ಇದೆ, 2025ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಅದು ಸರ್ಕಾರ ಮತ್ತು ಗುತ್ತಿಗೆದಾರ ಕಂಪನಿಯ ನಡುವಿನ ವ್ಯವಹಾರ.

ಸೈಟು ಕೊಳ್ಳುವವರಿಗೆ

ಹೊರವಲಯದಲ್ಲಿ ಹೆಚ್ಚು ಮೋಸ ಹೋಗುವವರು ಇವರೇ. ಬಳಕೆ ಹಕ್ಕು ಬರುವುದು 6(1)ನೇ ಕಲಮಿನ ಗೆಜೆಟ್ ಘೋಷಣೆಯಿಂದ, ನೋಂದಾಯಿತ ಪತ್ರದಿಂದ ಅಲ್ಲ. ಆದ್ದರಿಂದ ಇಸಿಯಲ್ಲಿ (ಋಣಭಾರ ಪತ್ರದಲ್ಲಿ) ಅದು ಕಾಣದೇ ಇರಬಹುದು. 30 ವರ್ಷದ ಇಸಿ ಶುದ್ಧವಾಗಿದೆ ಎಂದು ಸೈಟು ಕೊಂಡವರು ಪಾಯ ತೆಗೆಯುವಾಗ ಕಂಪನಿಯ ಕಾವಲುಗಾರ ಬಂದು ತಡೆಯುತ್ತಾನೆ. ಪಹಣಿಯ ಕಾಲಂ 11 ನೋಡಿ, ಇತರ ಹಕ್ಕು ಮತ್ತು ಋಣ ನಮೂದಾಗುವುದು ಅಲ್ಲಿ. ಅಲ್ಲೂ ಖಾಲಿ ಇದ್ದರೆ ನಂಬಿ ಬಿಡಬೇಡಿ, ಗ್ರಾಮದ ಹೆಸರು ಹಿಡಿದು ಇ-ಗೆಜೆಟ್‌ನಲ್ಲಿ 3(1) ಮತ್ತು 6(1)ರ ಅಧಿಸೂಚನೆ ಹುಡುಕಿ. ಲೇಔಟಿನ ಸುತ್ತ ಅರ್ಧ ಕಿ.ಮೀ. ನಡೆದು ಬನ್ನಿ. ಗುರುತುಕಂಬಗಳು ಸಾಲಾಗಿ ನಿಂತಿರುತ್ತವೆ. ಎರಡು ಕಂಬದ ನಡುವೆ ಕಣ್ಣಳತೆಯಲ್ಲಿ ಗೆರೆ ಎಳೆದರೆ ನಿಮ್ಮ ಸೈಟು ಎಲ್ಲಿ ಬೀಳುತ್ತದೆ ಎಂದು ತಿಳಿಯುತ್ತದೆ. ನಕ್ಷೆಯಲ್ಲಿ ಉದ್ದಕ್ಕೆ, ಒಂದೇ ಅಗಲದ "ಪಾರ್ಕ್" ಅಥವಾ ಬೇಕಿಲ್ಲದ ಅಗಲದ ರಸ್ತೆ ಇದ್ದರೆ ಅದು ಯಾಕೆ ಅಲ್ಲಿದೆ ಎಂದು ಕೇಳಿ. ಕೊನೆಗೆ ಸರ್ವೆ ನಂಬರು ಬರೆದು ಕಂಪನಿಯ ಆ ಮಾರ್ಗದ ಕಚೇರಿಗೆ ಪತ್ರ ಕೊಟ್ಟು ಲಿಖಿತ ಉತ್ತರ ಪಡೆಯಿರಿ. ಉತ್ತರ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ. ಕೊಡಲೇಬೇಕಾದರೆ, ಸದರಿ ಸ್ವತ್ತು ಯಾವ ಕೊಳವೆ ಮಾರ್ಗದ ಬಳಕೆ ಹಕ್ಕಿಗೂ ಒಳಪಟ್ಟಿಲ್ಲ, ಒಳಪಟ್ಟಿದ್ದರೆ ಪೂರ್ತಿ ಹಣ ವಾಪಸ್ ಎಂಬ ಸಾಲು ಕರಾರು ಪತ್ರದಲ್ಲಿ ಇರಲಿ.